ಓನರ್ ಎದುರಿಗೆ ‘ನೀವು’, ಕ್ಯಾಬಿನ್‌ನಲ್ಲಿ ‘ನೀನು’

ಬೀಗದ ಕೈ ಗೊಂಚಲು ಗಾಜಿನ ಮೇಜಿನ ಮೇಲೆ ಬೀಳುವ ಸದ್ದು. ಪೀಣ್ಯ ಎರಡನೇ ಹಂತದ ಆ ಫ್ಯಾಕ್ಟರಿ ಆಫೀಸಿನಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ನಾವು ಐದು ಜನ ಆ ಸದ್ದಿಗೇ ಕಿವಿ ಕೊಟ್ಟು ಕೂತಿರುತ್ತಿದ್ದೆವು. ಮ್ಯಾನೇಜರ್ ಅದನ್ನು ಮೆಲ್ಲಗೆ ಇಟ್ಟರೆ ಆ ದಿನ ಪರವಾಗಿಲ್ಲ. ಎಸೆದರೆ ಯಾರಿಗೋ ಒಬ್ಬರಿಗೆ ಗ್ರಹಚಾರ ಕಾದಿದೆ ಅಂತ ಅರ್ಥ. 2017ರ ಕೊನೆಯಿಂದ 2019ರ ಅಕ್ಟೋಬರ್‌ವರೆಗೆ ನಾನು ಅಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆಯುವುದಕ್ಕೆ ಮುಂಚೆ ಮ್ಯಾನೇಜರ್ ಮೂಡ್ ನೋಡಿಕೊಳ್ಳುವುದು ನನ್ನ ಮೊದಲ ಕೆಲಸ ಆಗಿಬಿಟ್ಟಿತ್ತು. ಇದು ಸರಿಯಲ್ಲ ಅಂತ ನನಗೆ ಹೊಳೆಯಲು ಆರು ತಿಂಗಳು ಬೇಕಾಯಿತು.

ಅಷ್ಟು ತಡವಾಗಿದ್ದಕ್ಕೆ ಕಾರಣ ಇದೆ. ಅದಕ್ಕೂ ಮುಂಚೆ ತುಮಕೂರಿನ ಒಂದು ಆಡಿಟರ್ ಆಫೀಸಿನಲ್ಲಿ ಮೂರು ವರ್ಷ ಇದ್ದೆ. ಆಡಿಟರ್ ಸರ್ ಭಾರಿ ಸಿಟ್ಟಿನವರು. ವೋಚರ್ ಜೊತೆ ಬಿಲ್ ಇಲ್ಲದಿದ್ದರೆ ಇಡೀ ಕಟ್ಟು ವಾಪಸ್. ಕ್ಯಾಶ್ ಬುಕ್‌ನಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ ಎಂಟರವರೆಗೆ ಕೂರಿಸುತ್ತಿದ್ದರು. ಆದರೆ ಅವರೂ ಪಕ್ಕದಲ್ಲೇ ಕೂರುತ್ತಿದ್ದರು. ಒಮ್ಮೆ ನಾನು ಅಡಿಕೆ ವ್ಯಾಪಾರಿಯೊಬ್ಬರ ಟಿಡಿಎಸ್ ಚಲನ್‌ನಲ್ಲಿ ವರ್ಷವನ್ನೇ ತಪ್ಪು ಹಾಕಿದ್ದೆ. ಅವರು ಬಂದು ಕೂಗಾಡಿದರು. ಸರ್ ಹೇಳಿದ್ದು ಇಷ್ಟೇ: “ನಮ್ಮ ಆಫೀಸಿನ ತಪ್ಪು, ನಾನೇ ಸರಿ ಮಾಡಿಸ್ತೀನಿ.” ಯಾರು ಮಾಡಿದ್ದು ಅಂತ ಬಾಯಿಬಿಡಲಿಲ್ಲ. ಅವರು ಹೋದ ಮೇಲೆ ನನಗೆ ಚೆನ್ನಾಗಿ ಬೈದರು. ಆಮೇಲೆ ತಿದ್ದುವುದು ಹೇಗೆ ಅಂತ ಹೇಳಿಕೊಟ್ಟರು.

ಹಾಗಾಗಿ ಬೈಗುಳ ಅಂದರೆ ಕೆಲಸ ಕಲಿಸುವ ರೀತಿ ಅಂತಲೇ ನಾನು ನಂಬಿದ್ದೆ. ಪೀಣ್ಯದಲ್ಲಿ ಬೈಸಿಕೊಂಡಾಗಲೂ ‘ನನಗೇ ಏನೋ ಬರಲ್ಲ’ ಅಂದುಕೊಂಡೆ. ಭಾನುವಾರ ಸಂಜೆಯಾದರೆ ಹೊಟ್ಟೆ ಕಿವುಚುತ್ತಿತ್ತು. ನಾಗಸಂದ್ರದ ಕಡೆಗೆ ಮೆಟ್ರೊದಲ್ಲಿ ಮನೆಗೆ ಹೋಗುವಾಗ ಇಡೀ ದಿನದ ಮಾತು ತಲೆಯಲ್ಲಿ ತಿರುಗುತ್ತಿತ್ತು. ತಪ್ಪು ನನ್ನದು ಅಂತಲೇ ಮಲಗುತ್ತಿದ್ದೆ.

ಕಣ್ಣು ತೆರೆಸಿದ್ದು 2018ರ ಜೂನ್‌ನಲ್ಲಿ ನಡೆದ ಒಂದು ಘಟನೆ.

ಆ ವರ್ಷ ಏಪ್ರಿಲ್ 1ರಿಂದ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡಿಕೊಳ್ಳುವ ಜಿಎಸ್‌ಟಿ ದಾಖಲೆ) ಜಾರಿಗೆ ಬಂದಿತ್ತು. ಮಾಲಿನ ಬೆಲೆ ಐವತ್ತು ಸಾವಿರ ದಾಟಿದರೆ ಇ-ವೇ ಬಿಲ್ ಬೇಕು ಅನ್ನುವುದು ಎಲ್ಲರಿಗೂ ಬಾಯಿಪಾಠ. ಆದರೆ ಜಾಬ್ ವರ್ಕ್‌ಗೆ, ಅಂದರೆ ನಮ್ಮ ಮಾಲಿಗೆ ಬೇರೆಯವರಿಂದ ಕೆಲಸ ಮಾಡಿಸಿ ತರಲು, ಬೇರೆ ರಾಜ್ಯಕ್ಕೆ ಮಾಲು ಹೋದರೆ ಮೊತ್ತ ಎಷ್ಟೇ ಇರಲಿ, ಬೇಕೇ ಬೇಕು. ನಮ್ಮದು 38,000 ರೂಪಾಯಿಯ ಬಿಡಿಭಾಗಗಳು. ಪ್ಲೇಟಿಂಗ್‌ಗೆ ಹೊಸೂರಿಗೆ ಹೋಗಬೇಕಿತ್ತು. ಹೊಸೂರು ಎಷ್ಟೇ ಹತ್ತಿರ ಇದ್ದರೂ ತಮಿಳುನಾಡು ಅಲ್ವಾ? ಡಿಸಿ (ಡೆಲಿವರಿ ಚಲನ್) ಮಾಡಿಟ್ಟು ಕ್ಯಾಬಿನ್‌ಗೆ ಹೋಗಿ, ಇ-ವೇ ಬಿಲ್ ಮಾಡಬೇಕು ಸರ್, ಹತ್ತು ನಿಮಿಷ ಕೊಡಿ ಅಂದೆ.

“ಐವತ್ತು ದಾಟಿಲ್ಲ, ನಿಂಗೆ ಬುದ್ಧಿ ಇಲ್ವಾ? ಗಾಡಿ ಬಿಡು.”

ಟಾಟಾ ಏಸ್ ಹೊರಟಿತು. ಅತ್ತಿಬೆಲೆ ದಾಟುವ ಮುಂಚೆ ವಾಣಿಜ್ಯ ತೆರಿಗೆ ಇಲಾಖೆಯವರು ತಡೆದರು. ಶೇ 18ರ ಲೆಕ್ಕದಲ್ಲಿ ತೆರಿಗೆ 6,840, ಅಷ್ಟೇ ದಂಡ. ಒಟ್ಟು 13,680 ರೂಪಾಯಿ ಕಟ್ಟಿ ಗಾಡಿ ಬಿಡಿಸಿಕೊಳ್ಳಬೇಕಾಯಿತು. ಓನರ್ ನಮ್ಮಿಬ್ಬರನ್ನೂ ಕರೆದರು. ಮ್ಯಾನೇಜರ್ ನನ್ನ ಕಡೆ ತಿರುಗಿಯೂ ನೋಡದೆ, ಬಹಳ ಶಾಂತವಾಗಿ ಹೇಳಿದರು: “ಇವರಿಗೆ ಹೇಳಿದ್ದೆ ಸರ್. ಯಾಕಮ್ಮ, ನೀವು ಮಾಡ್ಲಿಲ್ವಾ?”

ಆ ‘ನೀವು’ ನನ್ನ ಕಿವಿಗೆ ಬಿತ್ತು ನೋಡಿ, ಆರು ತಿಂಗಳ ಲೆಕ್ಕ ಒಂದೇ ಏಟಿಗೆ ತಾಳೆಯಾಯಿತು. ಕ್ಯಾಬಿನ್‌ನಲ್ಲಿ ಯಾವತ್ತೂ ನೀನು, ಬಾ, ಹೋಗು. ಓನರ್ ಇದ್ದಾಗ ನೀವು, ಬನ್ನಿ, ಹೋಗಿ. ಅಂದರೆ ಆ ಮನುಷ್ಯನಿಗೆ ಮರ್ಯಾದೆಯಿಂದ ಮಾತಾಡಲು ಗೊತ್ತಿದೆ. ಸಿಟ್ಟು ಹಿಡಿತದಲ್ಲೇ ಇದೆ. ಯಾರ ಮೇಲೆ ಬಿಡಬೇಕು ಅಂತ ನೋಡಿಕೊಂಡೇ ಬಿಡುತ್ತಾರೆ. ಇನ್ನೊಂದು ವಿಷಯವೂ ಆಗಲೇ ಹೊಳೆಯಿತು. ಅವರು ಒಂದು ಕೆಲಸವನ್ನೂ ಬರೆದು ಹೇಳಿದ್ದಿಲ್ಲ. ಮೇಲ್ ಇಲ್ಲ. ವಾಟ್ಸಾಪ್‌ನಲ್ಲೂ ಬರೀ “ಒಳಗೆ ಬಾ”. ಕೆಲಸ ಹೇಳುವುದು ಬಾಯಲ್ಲಿ, ತಪ್ಪಿನ ಮೆಮೊ ಮಾತ್ರ ಕಾಗದದಲ್ಲಿ. ಕೆಟ್ಟ ಬಾಸ್ ಅಂದರೆ ಯಾರು ಅಂತ ಯಾರಾದರೂ ಕೇಳಿದರೆ ನಾನು ಈಗಲೂ ಇದನ್ನೇ ಹೇಳುತ್ತೇನೆ. ಕೂಗಾಟ ನೋಡಬೇಡಿ. ತಪ್ಪಾದಾಗ ಅವರು ಎಲ್ಲಿ ನಿಲ್ಲುತ್ತಾರೆ ನೋಡಿ.

ಮಾರನೇ ದಿನ ದಾಸರಹಳ್ಳಿಯಲ್ಲಿ ಇನ್ನೂರು ಪುಟದ ಒಂದು ಲಾಂಗ್ ಬುಕ್ ತಗೊಂಡೆ. ತಾರೀಖು, ಗಂಟೆ, ಅವರು ಹೇಳಿದ ಮಾತು, ನಾನು ಹೇಳಿದ ಮಾತು, ಪಕ್ಕದಲ್ಲಿ ಯಾರಿದ್ದರು. ಅಷ್ಟೇ. ‘ಇವತ್ತು ತುಂಬಾ ಬೇಜಾರಾಯ್ತು’ ಅಂತೆಲ್ಲ ಅದರಲ್ಲಿ ಬರೆಯುತ್ತಿರಲಿಲ್ಲ. ಬೇಜಾರು ಹೇಳಿಕೊಳ್ಳಲು ಅಕ್ಕ ಇದ್ದಳು, ರಾತ್ರಿ ಫೋನ್ ಮಾಡುತ್ತಿದ್ದೆ. ಪುಸ್ತಕದಲ್ಲಿ ನಡೆದದ್ದು ಮಾತ್ರ. ಕಂಪನಿಯ ಫೈಲನ್ನಾಗಲಿ ಪಾರ್ಟಿಗಳ ಲೆಕ್ಕವನ್ನಾಗಲಿ ಮನೆಗೆ ತರಲಿಲ್ಲ, ನನ್ನ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಲೂ ಇಲ್ಲ. ಎಷ್ಟೋ ಜನ ಭಯದಲ್ಲಿ ಹಾಗೆ ಮಾಡುತ್ತಾರೆ. ಅದು ನಮ್ಮ ಕುತ್ತಿಗೆಗೇ ಬರುತ್ತದೆ.

ಎರಡನೆಯದು ಮೇಲ್. ಅವರು ಬಾಯಲ್ಲಿ ಹೇಳಿ ಹತ್ತು ನಿಮಿಷದೊಳಗೆ ಆಫೀಸ್ ಮೇಲ್‌ನಿಂದ ಎರಡು ಸಾಲು ಹಾಕುತ್ತಿದ್ದೆ. ಒಂದು ಸಲ, ಕೈಯಲ್ಲಿ ದುಡ್ಡಿಲ್ಲ, ಜಿಎಸ್‌ಟಿಆರ್-3ಬಿ (ತಿಂಗಳ ಜಿಎಸ್‌ಟಿ ರಿಟರ್ನ್) 20ನೇ ತಾರೀಖಿಗೆ ಬೇಡ, ಆಮೇಲೆ ನೋಡೋಣ ಅಂದರು. ನಾನು ಬರೆದದ್ದು ಹೀಗೆ: “ಸರ್, ನೀವು ಹೇಳಿದ ಹಾಗೆ ಈ ತಿಂಗಳ 3ಬಿಯನ್ನು 20ಕ್ಕೆ ಸಲ್ಲಿಸುತ್ತಿಲ್ಲ. ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ ಬರುತ್ತದೆ. ನಾನು ತಪ್ಪು ತಿಳಿದಿದ್ದರೆ ಸಂಜೆಯೊಳಗೆ ಹೇಳಿ.” ಇದರಲ್ಲಿ ದೂರಿಲ್ಲ, ಚುಚ್ಚುಮಾತಿಲ್ಲ. ಓನರ್‌ಗೆ ಕಾಪಿಯನ್ನೂ ಹಾಕಲಿಲ್ಲ. ಕಾಪಿ ಹಾಕಿದರೆ ಅದು ಜಗಳ ಆಗುತ್ತದೆ.

ಆದರೂ ಅವರು ನನ್ನ ಟೇಬಲ್ ಹತ್ತಿರ ಬಂದು ನಿಂತರು. “ನಂಗೇ ಮೇಲ್ ಹಾಕ್ತೀಯಾ?” ನನ್ನ ಕೈ ನಡುಗುತ್ತಿತ್ತು, ಮೌಸ್ ಗಟ್ಟಿಯಾಗಿ ಹಿಡಿದುಕೊಂಡೆ. “ನಂಗೆ ಮರೆತು ಹೋಗುತ್ತೆ ಸರ್, ಅದಕ್ಕೆ ಬರೆದಿಟ್ಟುಕೊಂಡೆ” ಅಂದೆ. ಅಷ್ಟೇ ಹೇಳಿ ಸುಮ್ನಾದೆ. ಅವರು ಸ್ವಲ್ಪ ಹೊತ್ತು ನಿಂತು ಹೋದರು. ಅವತ್ತೇ ಸಂಜೆ ನಾಲ್ಕಕ್ಕೆ 3ಬಿಗೆ ದುಡ್ಡು ಬಂತು. ಇಂಥ ಮೇಲ್ ಏಳೆಂಟು ಹೋದ ಮೇಲೆ ‘ನಾನು ಹೇಳೇ ಇಲ್ಲ’ ಅನ್ನುವ ಮಾತು ನನ್ನ ವಿಷಯದಲ್ಲಿ ನಿಂತಿತು. ಬೈಗುಳ ನಿಲ್ಲಲಿಲ್ಲ, ನಿಜ.

ಬೈಯುವಾಗ ಉತ್ತರ ಕೊಡುವುದನ್ನು ಬಿಟ್ಟೆ. ಕೇಳಬೇಕಾದ್ದು ಇದ್ದರೆ ಮೂರೂವರೆಗೆ, ಟೀ ಆದ ಮೇಲೆ ಹೋಗುತ್ತಿದ್ದೆ. ಆ ಹೊತ್ತಿಗೆ ಅವರು ಸ್ವಲ್ಪ ಮೆತ್ತಗಿರುತ್ತಿದ್ದರು.

ಒಂದು ಕಡೆ ಎಡವಿದೆ. ಟೀ ಅಂಗಡಿಯಲ್ಲಿ ಸಹೋದ್ಯೋಗಿಯೊಬ್ಬರ ಹತ್ತಿರ ಎಲ್ಲವನ್ನೂ ತೋಡಿಕೊಂಡೆ. ಸಂಜೆಯೊಳಗೆ ಅದು ಉಪ್ಪುಖಾರ ಸೇರಿ ಕ್ಯಾಬಿನ್ ತಲುಪಿತ್ತು. ಅವರನ್ನು ನಾನು ಈಗ ದೂರುವುದಿಲ್ಲ. ಅವರಿಗೂ ಆ ಬೀಗದ ಕೈ ಸದ್ದಿನ ಭಯ ಇತ್ತು. ಅಂಥ ಆಫೀಸಿನಲ್ಲಿ ಭಯಕ್ಕೆ ಜನ ಒಬ್ಬರನ್ನೊಬ್ಬರು ಒಪ್ಪಿಸಿಬಿಡುತ್ತಾರೆ.

ಓನರ್ ಹತ್ತಿರವೂ ಹೋದೆ, 2019ರ ಬೇಸಿಗೆಯಲ್ಲಿ. ಅಳಬಾರದು ಅಂತ ನಿರ್ಧರಿಸಿಕೊಂಡು, ತಾರೀಖಿನ ಸಮೇತ ಐದು ಘಟನೆ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಪೂರ್ತಿ ಓದಿದರು. “ನೀನು ಹೇಳೋದು ನಿಜ ಇರಬಹುದಮ್ಮ. ಅವರು ಹಳಬರು, ಬ್ಯಾಂಕ್ ಕೆಲಸ ಎಲ್ಲ ಅವರ ಕೈಯಲ್ಲಿದೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ” ಅಂದರು. ಮಗಳಿಗೆ ಹೇಳುವ ದನಿಯಲ್ಲೇ ಹೇಳಿದರು. ನನಗೆ ಉತ್ತರ ಸಿಕ್ಕಿತು. ಮೇಲಿನವರಿಗೆ ಗೊತ್ತಿದ್ದೂ ಬದಲಾಗದ ಜಾಗದಲ್ಲಿ ನಾನು ಇನ್ನೂ ಚೆನ್ನಾಗಿ ಕೆಲಸ ಮಾಡಿ ತೋರಿಸಿದರೆ ಸರಿಹೋಗುತ್ತದೆ ಅನ್ನುವ ಆಸೆಯನ್ನು ಅವತ್ತು ಬಿಟ್ಟೆ.

ಇಲ್ಲಿ ಒಂದು ಮಾತು. ನಾನು ಹೇಳುತ್ತಿರುವುದು ಬೈಗುಳ, ಸುಳ್ಳು, ತಪ್ಪು ಹೊರಿಸುವುದರ ಬಗ್ಗೆ. ಮೈಮೇಲೆ ಕೈ ಹಾಕುವುದು, ಅಸಭ್ಯ ಮಾತು, ಮೆಸೇಜು ಇದ್ದರೆ ಲಾಂಗ್ ಬುಕ್ ಬರೆಯುತ್ತಾ ಸಹಿಸಿಕೊಂಡು ಕೂರಬೇಡಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆಯಾಗಿ ಮೂರು ತಿಂಗಳೊಳಗೆ ಬರೆದು ಕೊಡಬೇಕು.

ಆಮೇಲೆ ಹೊರಡುವ ತಯಾರಿ. ಮೂರು ತಿಂಗಳ ಸಂಬಳದಷ್ಟು ದುಡ್ಡು ಪಕ್ಕಕ್ಕಿಟ್ಟೆ. ನನ್ನ ಪಿಎಫ್ ನಂಬರ್ ಆದ ಯುಎಎನ್‌ಗೆ ಆಧಾರ್, ಬ್ಯಾಂಕ್ ಖಾತೆ, ನನ್ನದೇ ಮೊಬೈಲ್ ನಂಬರ್ ಸೇರಿದೆಯಾ ಅಂತ ನೋಡಿಕೊಂಡೆ. ಬೇರೆ ಕಡೆ ಆಫರ್ ಲೆಟರ್ ಕೈಗೆ ಬರುವವರೆಗೆ ಯಾರಿಗೂ ಹೇಳಲಿಲ್ಲ. ರಾಜೀನಾಮೆಯಲ್ಲಿ ಕಾರಣ ಬರೆಯಲಿಲ್ಲ. ಒಂದು ತಿಂಗಳ ನೋಟಿಸ್‌ನಲ್ಲಿ ಮಾಡಿದ್ದು ಒಂದೇ ದೊಡ್ಡ ಕೆಲಸ: ಯಾವ ರಿಟರ್ನ್ ಎಲ್ಲಿಯವರೆಗೆ ಆಗಿದೆ, ಯಾವ ಡಿಸಿಯ ಮಾಲು ಇನ್ನೂ ವಾಪಸ್ ಬಂದಿಲ್ಲ, ಯಾವ ಪಾಸ್‌ವರ್ಡ್ ಯಾರಿಗೆ ಕೊಟ್ಟೆ, ಎಲ್ಲ ಪಟ್ಟಿ ಮಾಡಿ, ತಗೊಂಡವರ ಸಹಿ ಹಾಕಿಸಿಕೊಂಡೆ. ಹೋದವರ ತಲೆಗೆ ತಪ್ಪು ಕಟ್ಟುವುದು ಬಹಳ ಸುಲಭ.

ಆದರೂ ಒಂದು ಬಾಕಿ ಉಳಿಯಿತು. ಪಿಎಫ್‌ನಲ್ಲಿ ನಾನು ಕೆಲಸ ಬಿಟ್ಟ ತಾರೀಖನ್ನು ಹಳೆ ಆಫೀಸಿನವರು ಹಾಕಲೇ ಇಲ್ಲ. ಫೋನ್ ಮಾಡಿದಾಗಲೆಲ್ಲ ‘ಮಾಡ್ತೀನಿ’. ಅದೃಷ್ಟಕ್ಕೆ 2020ರ ಜನವರಿಯಲ್ಲಿ ಪಿಎಫ್ ಸಂಸ್ಥೆ ಇಪಿಎಫ್‌ಒ ಆ ತಾರೀಖನ್ನು ಸದಸ್ಯರೇ ಹಾಕಿಕೊಳ್ಳುವ ಅವಕಾಶ ಕೊಟ್ಟಿತು. ಬಿಟ್ಟು ಎರಡು ತಿಂಗಳಾಗಿರಬೇಕು, ಆಧಾರ್‌ಗೆ ಸೇರಿದ ಮೊಬೈಲ್‌ಗೆ ಓಟಿಪಿ ಬರುತ್ತದೆ. ಫೆಬ್ರವರಿಯ ಒಂದು ರಾತ್ರಿ ಊಟ ಆದ ಮೇಲೆ ಕೂತು ನಾನೇ ಹಾಕಿದೆ. ಐದು ನಿಮಿಷದ ಕೆಲಸ. ಅದಕ್ಕಾಗಿ ಅವರಿಗೆ ಹನ್ನೊಂದು ಸಲ ಫೋನ್ ಮಾಡಿದ್ದೆ. ಅವತ್ತು ಚೆನ್ನಾಗಿ ನಿದ್ದೆ ಬಂತು.

ಹೊಸ ಆಫೀಸಿನಲ್ಲಿ ಯಾರಾದರೂ ಬೀಗದ ಕೈ ಮೇಜಿನ ಮೇಲಿಟ್ಟರೆ ತುಂಬಾ ದಿನ ಬೆಚ್ಚಿ ಬೀಳುತ್ತಿದ್ದೆ. ಈಗ ನನ್ನ ಕೈಕೆಳಗೆ ಇಬ್ಬರು ಹುಡುಗರಿದ್ದಾರೆ. ಇಬ್ಬರಿಗೂ ‘ನೀವು’ ಅಂತಲೇ ಕರೆಯುತ್ತೇನೆ. ಕೆಲಸ ಹೇಳಿದ ಮೇಲೆ ಮೇಲ್ ಹಾಕಿ ಅಂತ ನಾನೇ ಅಭ್ಯಾಸ ಮಾಡಿಸಿದ್ದೇನೆ. ಹೋದ ತಿಂಗಳು ಒಬ್ಬ ಹುಡುಗ ಒಂದು ಬಿಲ್ ತಡೆಹಿಡಿದದ್ದಕ್ಕೆ ಪಾರ್ಟಿ ನೇರ ನಮ್ಮ ಡೈರೆಕ್ಟರ್‌ಗೇ ಫೋನ್ ಮಾಡಿದರು. ಅವನು ಮುಖ ಸಣ್ಣ ಮಾಡಿಕೊಂಡು ನಿಂತಿದ್ದ. ಅವನ ಮೇಲ್ ತೆರೆದೆ: ‘ಮೇಡಂ, ನೀವು ಹೇಳಿದ ಹಾಗೆ ಈ ಬಿಲ್ ತಡೆಹಿಡಿದಿದ್ದೇನೆ.’ ಅದರ ಕೆಳಗೇ “ಹೌದು, ನಾನೇ ಹೇಳಿದ್ದು” ಅಂತ ಬರೆದು ಡೈರೆಕ್ಟರ್‌ಗೆ ಕಳಿಸಿದೆ.