ಇರಾನ್ ಅಣು ಒಪ್ಪಂದ: ಮಿತ್ರರಾಷ್ಟ್ರಗಳ ಜಟಾಪಟಿಯ ಸುದ್ದಿ ಓದುವುದು ಹೇಗೆ?

‘ಅಮೆರಿಕ–ಯುರೋಪ್ ನಡುವೆ ಬಿರುಕು’ ಎಂಬ ತಲೆಬರಹ ಕಂಡಾಗ ಮೊದಲು ಕೇಳಬೇಕಾದದ್ದು: ಬಿರುಕು ಗುರಿಯಲ್ಲೋ, ದಾರಿಯಲ್ಲೋ? ಇರಾನ್ ಕೈಗೆ ಅಣುಬಾಂಬ್ ಸಿಗಬಾರದೆಂಬ ವಿಷಯದಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ ನಡುವೆ ಭೇದವಿಲ್ಲ. 2018ರ ಮೇ 8ರಂದು ಟ್ರಂಪ್ ಒಪ್ಪಂದದಿಂದ ಹೊರಬಂದಾಗ ಬೇರೆಯಾದದ್ದು ದಾರಿ.

ಆಮೇಲೆ ಮೂರು ಕಾಗದಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ:

1. 2015ರ ಜುಲೈ 14ರ ವಿಯೆನ್ನಾ ಒಪ್ಪಂದ. ಇರಾನಿನ ಯುರೇನಿಯಂ ಸಂವರ್ಧನೆಗೆ (ಅಣುಇಂಧನವಾಗುವಂತೆ ಸಾಂದ್ರಗೊಳಿಸುವುದಕ್ಕೆ) ಶೇ 3.67ರ ಮಿತಿ, ದಾಸ್ತಾನಿಗೆ 300 ಕೆ.ಜಿ. ಮಿತಿ; ಪ್ರತಿಯಾಗಿ ನಿರ್ಬಂಧಗಳ ಸಡಿಲಿಕೆ.
2. ಆ ಒಪ್ಪಂದವನ್ನು ಅನುಮೋದಿಸಿದ ವಿಶ್ವಸಂಸ್ಥೆ ಭದ್ರತಾ ಮಂಡಳಿಯ 2231ನೇ ನಿರ್ಣಯ.
3. ಅಮೆರಿಕದ ಸ್ವಂತ ನಿರ್ಬಂಧ ಕಾನೂನುಗಳು.

ಓದುಗರು ಎಡವುವುದು ಇವನ್ನು ಕಲಸಿಕೊಂಡಾಗಲೇ. ಮೊದಲನೆಯದನ್ನು ಬಿಟ್ಟ ಅಮೆರಿಕ, 2020ರ ಆಗಸ್ಟ್‌ನಲ್ಲಿ ಎರಡನೆಯದರ ‘ಸ್ನ್ಯಾಪ್‌ಬ್ಯಾಕ್’ ಬಳಸಲು ಹೊರಟಿತು. ‘ಒಪ್ಪಂದದಲ್ಲೇ ಇಲ್ಲದವರಿಗೆ ಆ ಹಕ್ಕಿಲ್ಲ’ ಎಂದು ಯುರೋಪಿನ ಮಿತ್ರರೇ ತಡೆದರು.

ಈ ಸ್ನ್ಯಾಪ್‌ಬ್ಯಾಕ್ ಅನ್ನು ಸ್ವಲ್ಪ ಬಿಡಿಸಿ ನೋಡಬೇಕು. ದೂರು ಕೊಟ್ಟ 30 ದಿನದೊಳಗೆ ಮಂಡಳಿ ‘ಸಡಿಲಿಕೆ ಮುಂದುವರಿಯಲಿ’ ಎಂದು ನಿರ್ಣಯಿಸದಿದ್ದರೆ ಹಳೆಯ ನಿರ್ಬಂಧಗಳು ತಾವಾಗಿ ಮರಳುತ್ತಿದ್ದವು. ಮತಕ್ಕೆ ಬರುತ್ತಿದ್ದುದು ಸಡಿಲಿಕೆಯೇ ಹೊರತು ನಿರ್ಬಂಧವಲ್ಲ. ಹಾಗಾಗಿ ರಷ್ಯಾ, ಚೀನಾಗಳ ವೀಟೊ ಇಲ್ಲಿ ಇರಾನಿನ ನೆರವಿಗೆ ಬರುವಂತಿರಲಿಲ್ಲ. ಇಡೀ ಒಪ್ಪಂದದಲ್ಲಿ ಇದಕ್ಕಿಂತ ಜಾಣ ಕಲಮು ಇನ್ನೊಂದಿರಲಿಲ್ಲ.

ನಾಯಕರ ಹೇಳಿಕೆಗಿಂತ ಹಣದ ಜಾಡು ನಂಬಿ. ಯುರೋಪ್ 2018ರ ಆಗಸ್ಟ್‌ನಲ್ಲಿ ತನ್ನ ಕಂಪನಿಗಳು ಅಮೆರಿಕದ ನಿರ್ಬಂಧಕ್ಕೆ ಮಣಿಯದಂತೆ ಕಾನೂನನ್ನು ಜಾರಿಗೆ ತಂದಿತು. ಅದೇ ತಿಂಗಳು ಫ್ರಾನ್ಸಿನ ಟೋಟಲ್ ಕಂಪನಿ ಇರಾನಿನ ಅನಿಲ ಯೋಜನೆ ಬಿಟ್ಟು ಹೊರಟಿತು. ಡಾಲರ್ ವ್ಯವಹಾರ ಕಳೆದುಕೊಳ್ಳುವ ಭಯದ ಮುಂದೆ ಐರೋಪ್ಯ ಒಕ್ಕೂಟದ ಅಭಯ ಸಾಲಲಿಲ್ಲ. 2019ರ ಜನವರಿಯಲ್ಲಿ ಬ್ರಿಟನ್, ಫ್ರಾನ್ಸ್, ಜರ್ಮನಿ ಡಾಲರ್ ಬಳಸದೆ ಇರಾನ್ ಜತೆ ವ್ಯಾಪಾರ ನಡೆಸಲು ಪ್ಯಾರಿಸ್‌ನಲ್ಲಿ ತೆರೆದ ‘ಇನ್‌ಸ್ಟೆಕ್ಸ್’ ಸಂಸ್ಥೆಯ ಮೊದಲ ವಹಿವಾಟು, ಅದೂ ವೈದ್ಯಕೀಯ ಸಾಮಗ್ರಿಯದು, ನಡೆದದ್ದು 2020ರ ಮಾರ್ಚ್‌ನಲ್ಲಿ. 2023ರಲ್ಲಿ ಬಾಗಿಲು ಮುಚ್ಚಿತು. ಈ ಒತ್ತಡ ನಮ್ಮ ಕರಾವಳಿಗೂ ತಟ್ಟಿದೆ: ಮಂಗಳೂರಿನ ಎಂಆರ್‌ಪಿಎಲ್ ಒಂದು ಕಾಲಕ್ಕೆ ಇರಾನ್ ಕಚ್ಚಾತೈಲದ ದೊಡ್ಡ ಗಿರಾಕಿ, ಅಮೆರಿಕ ಕೊಟ್ಟಿದ್ದ ವಿನಾಯಿತಿ 2019ರ ಮೇನಲ್ಲಿ ಮುಗಿದಾಗ ಭಾರತ ಆ ಖರೀದಿಯನ್ನೇ ನಿಲ್ಲಿಸಿತು.

ಮತದಾನದಲ್ಲಿ ತಟಸ್ಥರನ್ನೂ ಎಣಿಸಿ. 2020ರ ಆಗಸ್ಟ್ 14ರಂದು ಇರಾನ್ ಮೇಲಿನ ಶಸ್ತ್ರಾಸ್ತ್ರ ನಿಷೇಧ ಮುಂದುವರಿಸುವ ಅಮೆರಿಕದ ಪ್ರಸ್ತಾವಕ್ಕೆ ಬಿದ್ದದ್ದು 2 ಮತ, ತಟಸ್ಥ 11. ಬ್ರಿಟನ್, ಫ್ರಾನ್ಸ್, ಜರ್ಮನಿ ಆ 11ರಲ್ಲೇ ಇದ್ದವು.

ಕೊನೆಗೆ ಇಸವಿ ನೋಡಿ. ಹಳೆಯ ವಿಶ್ಲೇಷಣೆ ದಾರಿ ತಪ್ಪಿಸುತ್ತದೆ. ಇರಾನ್ 2021ರಲ್ಲಿ ಶೇ 60ರ ಸಂವರ್ಧನೆಗೆ ಕೈಹಾಕಿತು. 2025ರ ಆಗಸ್ಟ್ 28ರಂದು ಸ್ನ್ಯಾಪ್‌ಬ್ಯಾಕ್ ಹೂಡಿದವರು, ಒಪ್ಪಂದ ಉಳಿಸಲು ಹೆಣಗಿದ್ದ ಅದೇ ಮೂರು ಯುರೋಪ್ ದೇಶಗಳು.