ಸತ್ತ ನೊಣವೂ ಸಿಗ್ನಲ್ ಕೊಟ್ಟಿತ್ತು

ಮನೆಯಲ್ಲೇ ನೊಣದ ಕಣ್ಣಿನ ಇಆರ್‌ಜಿ (ಬೆಳಕು ಬಿದ್ದಾಗ ಕಣ್ಣಲ್ಲಿ ಹುಟ್ಟುವ ವಿದ್ಯುತ್ತಿನ ದಾಖಲೆ) ತೆಗೆಯುತ್ತೇನೆ ಅಂದಾಗ ನಮ್ಮ ವಿಭಾಗದಲ್ಲಿ ನಕ್ಕಿದ್ದರು. "ಅದಕ್ಕೆ ಲಕ್ಷಗಟ್ಟಲೆ ಬೇಕು ಸಾರ್" ಅಂದರು ಒಬ್ಬರು. ನನಗಾದ ಖರ್ಚು ಮೂರೂವರೆ ಸಾವಿರದ ಆಸುಪಾಸು. ಅದರಲ್ಲಿ ಸಾವಿರ ಚಿಲ್ಲರೆ, ಬ್ಯಾಟರಿ ಉಲ್ಟಾ ಹಾಕಿ ಸುಟ್ಟ ಎರಡು ಆಂಪ್ಲಿಫೈಯರ್ ಚಿಪ್ಪಿನದ್ದು.

ಮೊದಲ ಎರಡು ವಾರ ಬರೀ ಮನೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ. ಕೋಳಿಗೂಡಿನ ಜಾಲರಿ ಸುತ್ತಿ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ಮೇಲೆ ತಗ್ಗಿತು. ಒಂದು ರಾತ್ರಿ ಎಲ್‌ಇಡಿ ಹೊತ್ತಿದ ತಕ್ಷಣ ಪರದೆಯ ಮೇಲಿನ ಗೆರೆ ಎದ್ದು ನಿಂತಿತು. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ನೊಣ ಸತ್ತಿದೆ ಅಲ್ವಾ?" ಅಂದಳು. ಹೌದು, ಮಧ್ಯಾಹ್ನ ಅಂಟಿಸಿದ್ದು ಒಣಗಿ ಹೋಗಿತ್ತು. ಬೆಳಕು ಬಿದ್ದಿದ್ದು ಸಿಗ್ನಲ್ ಹಿಡಿಯಲು ಇಟ್ಟ, ಕ್ಲೋರೈಡ್ ಕಟ್ಟಿದ ಬೆಳ್ಳಿ ತಂತಿಯ ಮೇಲೆ, ವೋಲ್ಟೇಜ್ ಕೊಟ್ಟಿದ್ದೂ ಅದೇ! ಅವತ್ತಿನಿಂದ ಪ್ರತಿ ಸಲವೂ ಸತ್ತ ನೊಣದ ಮೇಲೊಂದು ಪರೀಕ್ಷೆ.

ತಂತಿಗೆ ಕಪ್ಪು ಕೊಳವೆ ತೊಡಿಸಿ, ಕಣ್ಣಿಗೆ ಉಪ್ಪುನೀರಿನ ಬತ್ತಿ ಮಾತ್ರ ತಾಗುವಂತೆ ಮಾಡಿದೆ. ಬತ್ತಿ ಒಣಗದಿರಲು ಏನು ಬೆರೆಸಿದೆ ಅಂತ ಸದ್ಯಕ್ಕೆ ಹೇಳುವುದಿಲ್ಲ.

ಆಗ ಬಂತು ನೋಡಿ ಅಸಲಿ ಗೆರೆ. ಬೆಳಕು ಬಿದ್ದೊಡನೆ ಮೇಲಕ್ಕೊಂದು ಸಣ್ಣ ಮೊಳೆ, ಆಮೇಲೆ ಗೆರೆ ಕುಸಿದು ನಾಲ್ಕೈದು ಮಿಲಿವೋಲ್ಟ್ ಕೆಳಗೇ ಕೂತಿತು. ಬೆಳಕು ಆರಿದಾಗ ಕೆಳಕ್ಕೆ ಇನ್ನೊಂದು ಮೊಳೆ. ನಮ್ಮ ಕಣ್ಣಿನ ಕೋಶದಲ್ಲಿ ಬೆಳಕು ಬಿದ್ದರೆ ಚಾನಲ್, ಅಂದರೆ ಅಯಾನುಗಳು ಒಳಬರುವ ಬಾಗಿಲು, ಮುಚ್ಚುತ್ತದೆ. ನೊಣದ್ದು ಉಲ್ಟಾ: ಟಿಆರ್‌ಪಿ ಎಂಬ ಚಾನಲ್ ತೆರೆದು ಸೋಡಿಯಂ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತವೆ. ಹೊರಗಿನಿಂದ ಅಳೆಯುವ ನಮಗೆ ಅದು ಕುಸಿತವಾಗಿ ಕಾಣುತ್ತದೆ. ಮೊಳೆಗಳು ಮಾತ್ರ ಆ ಕೋಶಗಳದ್ದಲ್ಲ, ಅವುಗಳ ಸಂದೇಶ ಮೊದಲು ತಲುಪುವ ಕೆಳಗಿನ ನರಪದರ ಲ್ಯಾಮಿನಾದ್ದು. ನನ್ನ ನೊಣಗಳಲ್ಲಿ ಇಪ್ಪತ್ತು ನಿಮಿಷಕ್ಕೆ ಮೊದಲು ಹೋಗುತ್ತಿದ್ದದ್ದು ಮೊಳೆಗಳೇ. ಅವು ಮಾಯವಾದರೆ ಬೇರೆ ನೊಣ ಹಿಡಿಯಬೇಕು.

ಸುಮ್ನೆ ಕೆಂಪು ಎಲ್‌ಇಡಿಯನ್ನೂ ಹಾಕಿ ನೋಡಿದೆ. 660 ನ್ಯಾನೊಮೀಟರಿನದಕ್ಕೆ ಗೆರೆ ಹೆಚ್ಚುಕಡಿಮೆ ಅಲುಗಲಿಲ್ಲ. ಈಗ ಕತ್ತಲೆಯಲ್ಲಿ ಅದೇ ನನ್ನ ಕೆಲಸದ ದೀಪ. ಆಮೇಲೆ ಬೆಳಕು ಮಿಣುಕಿಸಿದೆ. ಕರೆಂಟಿನ ಗುಂಯ್ ಜೊತೆ ಬೆರೆಯಬಾರದೆಂದು ಐವತ್ತರ ದುಪ್ಪಟ್ಟಾದ 100 ಬಿಟ್ಟು 110 ಹರ್ಟ್ಸ್ ಇಟ್ಟೆ. ನನ್ನ ಕಣ್ಣಿಗೆ ಅದು ನೆಟ್ಟಗೆ ಉರಿಯುವ ದೀಪ, ನೊಣ ಒಂದೊಂದು ಮಿಣುಕನ್ನೂ ಹಿಡಿಯಿತು. ಜಿರಳೆಯದು ಇಷ್ಟು ಚುರುಕಿಲ್ಲ, 60 ದಾಟುವಷ್ಟರಲ್ಲಿ ಗೆರೆ ಸಪಾಟು. ಅದರ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟಿದ್ದಕ್ಕೆ ಮನೆಯಲ್ಲಾದ ಗಲಾಟೆ ಬೇರೆ.