ಮನೆಗೆ ನ್ಯಾಸ್ ತರುವ ಮೊದಲು: ಡಿಸ್ಕ್, ಕೇಬಲ್, ಕರೆಂಟು

ಮದುವೆಯ ವಿಡಿಯೊ ಒಂದು ಪೆನ್‌ಡ್ರೈವಿನಲ್ಲಿ, ದಸರೆಯ ಫೋಟೊ ಇನ್ನೊಂದು ಹಾರ್ಡ್‌ಡಿಸ್ಕಿನಲ್ಲಿ, ಜಮೀನಿನ ಪತ್ರಗಳ ಸ್ಕ್ಯಾನ್ ಯಾರದೋ ಫೋನಿನಲ್ಲಿ ಎಂದು ಎಲ್ಲ ಚೆಲ್ಲಾಪಿಲ್ಲಿಯಾಗಿರುವ ಮನೆಗೆ ನ್ಯಾಸ್ ಒಳ್ಳೆಯ ಉಪಾಯ. ರೂಟರಿಗೆ ತಂತಿಯಲ್ಲಿ ಸೇರಿಸಿದ, ಒಳಗೆ ಡಿಸ್ಕ್ ಕೂರಿಸಿದ ಪುಟ್ಟ ಕಂಪ್ಯೂಟರ್ ಅದು. ಮನೆಯ ಎಲ್ಲ ಯಂತ್ರಗಳಿಗೂ ಅದೇ ಬೀರು. ಕೊಳ್ಳಲು ಹೊರಟವರು ಮೊದಲು ಕೇಳುವುದು ಪೆಟ್ಟಿಗೆ ಯಾವ ಕಂಪನಿಯದು ಎಂದು. ಸಿನಾಲಜಿ, ಕ್ಯೂನ್ಯಾಪ್, ಅಸುಸ್ಟರ್ ಯಾವುದಾದರೂ ಮನೆಯ ಕೆಲಸಕ್ಕೆ ಸಾಕು. ಕೈಕೊಡುವುದು ಸಾಮಾನ್ಯವಾಗಿ ಡಿಸ್ಕ್, ಕೇಬಲ್ ಇಲ್ಲವೇ ಕರೆಂಟು. ಹಾಗಾಗಿ ಆಯ್ಕೆಯನ್ನು ಅಲ್ಲಿಂದಲೇ ಶುರುಮಾಡಿ.

ಮೊದಲು ಎಷ್ಟು ಜಾಗ ಬೇಕು ನೋಡಿ. ಈಗಿರುವ ಫೈಲುಗಳನ್ನೆಲ್ಲ ಕೂಡಿಸಿ ಅದರ ಎರಡೂವರೆ ಪಟ್ಟು ತೆಗೆದುಕೊಳ್ಳಿ. ಐಫೋನಿನಲ್ಲಿ ತೆಗೆದ 4ಕೆ ವಿಡಿಯೊ ಉಳಿತಾಯದ ಎಚ್.265 ರೂಪದಲ್ಲೂ ಗಂಟೆಗೆ ಸುಮಾರು 10 ಜಿಬಿ ತಿನ್ನುತ್ತದೆ. ಡಿಸ್ಕ್ ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ. ಹೀಗಾಗಿ 4 ಟಿಬಿ ಎಂದು ಕೊಂಡಿದ್ದು ಪರದೆಯ ಮೇಲೆ 3.63 ಆಗಿ ಕಾಣುತ್ತದೆ, ಇದರಲ್ಲಿ ಮೋಸವಿಲ್ಲ. ಎರಡು ಡಿಸ್ಕನ್ನು ರೈಡ್ 1ರಲ್ಲಿ ಜೋಡಿಸಿದರೆ ಒಂದು ಇನ್ನೊಂದರ ಪಡಿಯಚ್ಚು, ಸಿಗುವ ಜಾಗ ಒಂದರದ್ದೇ. ಮನೆಗೆ ತಲಾ 4 ಟಿಬಿಯ ಎರಡು ಡಿಸ್ಕ್ ಹದವಾದ ಅಳತೆ.

ಡಿಸ್ಕಿನಲ್ಲಿ ಸಿಎಂಆರ್, ಎಸ್‌ಎಂಆರ್ ಎಂದು ಎರಡು ಬಗೆ. ಸಿಎಂಆರ್‌ನಲ್ಲಿ ಬರಹದ ಪಟ್ಟಿಗಳು ಒಂದರ ಪಕ್ಕ ಒಂದು ಬಿಡಿಬಿಡಿಯಾಗಿರುತ್ತವೆ. ಎಸ್‌ಎಂಆರ್‌ನಲ್ಲಿ ಬರಹದ ಪಟ್ಟಿಗಳು ಹೆಂಚಿನ ಹಾಗೆ ಒಂದರ ಅಂಚಿನ ಮೇಲೊಂದು ಹೊದ್ದಿರುತ್ತವೆ. ಕೆಳಗಿನ ಹೆಂಚು ಬದಲಿಸಬೇಕಾದರೆ ಮೇಲಿನವನ್ನು ಎತ್ತಲೇಬೇಕಲ್ಲ, ಇಲ್ಲೂ ಅಷ್ಟೆ: ಒಂದು ಕಡೆ ತಿದ್ದಲು ಪಕ್ಕದ್ದನ್ನೆಲ್ಲ ಮತ್ತೆ ಬರೆಯಬೇಕು. ದಿನದ ಬಳಕೆಯಲ್ಲಿ ಇದು ಗೊತ್ತಾಗುವುದಿಲ್ಲ. ಒಂದು ಡಿಸ್ಕ್ ಹೋಗಿ ಹೊಸದನ್ನು ಹಾಕಿದಾಗ ಬಣ್ಣ ಬಯಲಾಗುತ್ತದೆ. ಉಳಿದ ಡಿಸ್ಕಿನಿಂದ ಹೊಸದಕ್ಕೆ ಎಲ್ಲವನ್ನೂ ನಕಲಿಸುವ ಮರುಜೋಡಣೆ ಗಂಟೆಗಳಲ್ಲಿ ಮುಗಿಯುವ ಬದಲು ದಿನಗಟ್ಟಲೆ ಎಳೆಯುತ್ತದೆ, ಕೆಲವೊಮ್ಮೆ ಡಿಸ್ಕ್ ಸತ್ತಿದೆ ಎಂದು ತಿಳಿದು ಪೆಟ್ಟಿಗೆ ಅದನ್ನು ಹೊರಹಾಕುತ್ತದೆ. ಅಷ್ಟು ಹೊತ್ತೂ ಉಳಿದ ಒಂದೇ ಡಿಸ್ಕಿನ ಮೇಲೆ ನಿಮ್ಮದೆಲ್ಲ ನಿಂತಿರುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಲೇಬಲ್ ಓದಿ. ಡಬ್ಲ್ಯುಡಿ ರೆಡ್ 4 ಟಿಬಿಯ ಮಾದರಿ ಸಂಖ್ಯೆ ‘ಇಎಫ್‌ಎಎಕ್ಸ್’ ಎಂದು ಮುಗಿದರೆ ಎಸ್‌ಎಂಆರ್, ಬಿಟ್ಟುಬಿಡಿ. ‘ಇಎಫ್‌ಪಿಎಕ್ಸ್’ ಎಂದಿದ್ದರೆ ರೆಡ್ ಪ್ಲಸ್, ಸಿಎಂಆರ್. ಸೀಗೇಟ್ ಐರನ್‌ವುಲ್ಫ್ ಕೂಡ ಸಿಎಂಆರ್. ರೆಡ್ ಪ್ಲಸ್, ಐರನ್‌ವುಲ್ಫ್ ಎರಡಕ್ಕೂ 3 ವರ್ಷದ ವಾರಂಟಿ ಇದೆ. ಹಣ ಕೊಡುವ ಮೊದಲು ಕ್ರಮಸಂಖ್ಯೆಯನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ, ಭಾರತದಲ್ಲಿ ನಡೆಯುತ್ತದೆಯೇ ನೋಡಿ. ಹೊರದೇಶದಿಂದ ಬಂದ ಮಾಲಿಗೆ ಇಲ್ಲಿ ವಾರಂಟಿ ಸಿಗದೆ ಹೋಗಬಹುದು.

ಇನ್ನು ಕೇಬಲ್. ಗಿಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹರಿಯುತ್ತದೆ, 1 ಟಿಬಿ ನಕಲಿಗೆ ಎರಡೂವರೆ ಗಂಟೆ. ಅದೇ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಸಂಪರ್ಕದಲ್ಲಿ ಒಂದು ಹಗಲು ಒಂದು ರಾತ್ರಿ ದಾಟುತ್ತದೆ. ಅಗ್ಗದ ಎಷ್ಟೋ ರೂಟರುಗಳ ಪೋರ್ಟುಗಳು ಇಂದಿಗೂ 100ರವೇ, ವೈಫೈ ಎಷ್ಟೇ ಜೋರಿರಲಿ. ಹಾಗಿದ್ದರೆ ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ತಂದು ಕಂಪ್ಯೂಟರ್, ನ್ಯಾಸ್ ಎರಡನ್ನೂ ಅದಕ್ಕೇ ಚುಚ್ಚಿ. ಕೇಬಲ್ ಕ್ಯಾಟ್ 5ಇ ಅಥವಾ ಕ್ಯಾಟ್ 6 ಇರಲಿ, ಒಳಗಿನ ತಂತಿ ಪೂರ್ತಿ ತಾಮ್ರದ್ದಾಗಿರಲಿ. ತಾಮ್ರ ಬಳಿದ ಅಲ್ಯೂಮಿನಿಯಂ ಬೇಡ.

ಎಲ್ಲವೂ ಗಿಗಾಬಿಟ್ ಆಗಿದ್ದೂ ವೇಗ ಸೆಕೆಂಡಿಗೆ 11 ಎಂಬಿಯಲ್ಲೇ, ಅಂದರೆ 100 ಎಂಬಿಪಿಎಸ್ ಮಟ್ಟದಲ್ಲೇ ನಿಂತಿದ್ದರೆ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ. ಎಂಟು ಬಣ್ಣದ ತಂತಿಗಳೂ ತುದಿಯವರೆಗೆ ಮುಟ್ಟಿರಬೇಕು. 100ಕ್ಕೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಕಂದು ಜೋಡಿಯ ಒಂದು ತಂತಿ ಕೂದಲೆಳೆಯಷ್ಟು ಹಿಂದೆ ಉಳಿದರೂ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಕನೆಕ್ಟರನ್ನು ತಂತಿಗೆ ಮತ್ತೆ ಒತ್ತಿ ಕೂರಿಸಿದರೆ (ಕ್ರಿಂಪ್) ಸರಿಹೋಗುತ್ತದೆ.

ಕರೆಂಟಿನ ವಿಚಾರ ನಮ್ಮ ಕಡೆ ಎಲ್ಲಕ್ಕಿಂತ ಮುಖ್ಯ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಮೈಸೂರಾಗಲಿ ಮಂಡ್ಯವಾಗಲಿ ಕರೆಂಟ್ ಹೋಗಿ ಬರುವುದು ಇದ್ದದ್ದೇ. ಡಿಸ್ಕಿಗೆ ಬರೆಯುವ ಹೊತ್ತಿನಲ್ಲಿ ಕರೆಂಟ್ ನಿಂತರೆ ಫೈಲುಗಳ ಲೆಕ್ಕ ಇಡುವ ಫೈಲ್‌ಸಿಸ್ಟಮ್ ಕೆಡಬಹುದು. ಇನ್ವರ್ಟರ್ ಇದೆಯಲ್ಲ ಎಂದು ಸುಮ್ಮನಿರಬೇಡಿ. ಸಾಮಾನ್ಯ ಮೋಡ್‌ನಲ್ಲಿ ಅದು ಬದಲಾಗಲು ತೆಗೆದುಕೊಳ್ಳುವ ಕ್ಷಣದಲ್ಲೇ ನ್ಯಾಸ್ ಆರಿ ಮತ್ತೆ ಚಾಲೂ ಆಗಬಹುದು. ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ. ಅದರ ಜೊತೆಗೆ ಯುಎಸ್‌ಬಿ ಪೋರ್ಟ್ ಇರುವ 600 ವಿಎ ಯುಪಿಎಸ್ ತಂದು, ಅದರ ಕೇಬಲನ್ನು ನ್ಯಾಸ್‌ಗೆ ಚುಚ್ಚಿ, ಕರೆಂಟ್ ಹೋದ 5 ನಿಮಿಷಕ್ಕೆ ತಾನೇ ಸರಿಯಾಗಿ ಆರುವಂತೆ ಸೆಟ್ ಮಾಡಿ. ನಿಮ್ಮ ಪೆಟ್ಟಿಗೆಗೆ ಹೊಂದುವ ಯುಪಿಎಸ್‌ಗಳ ಪಟ್ಟಿ ಕಂಪನಿಯ ವೆಬ್‌ಸೈಟಿನಲ್ಲಿ ಇರುತ್ತದೆ, ಅದನ್ನು ನೋಡಿಯೇ ಕೊಳ್ಳಿ. ಎರಡು ಡಿಸ್ಕಿನ ನ್ಯಾಸ್ 20 ವ್ಯಾಟ್ ಎಳೆದರೆ ತಿಂಗಳಿಗೆ 14–15 ಯೂನಿಟ್ ಆಗುತ್ತದೆ. ಹಳೆಯ ಡೆಸ್ಕ್‌ಟಾಪಿಗೆ ಓಪನ್‌ಮೀಡಿಯಾವಾಲ್ಟ್ ಎಂಬ ಉಚಿತ ನ್ಯಾಸ್ ತಂತ್ರಾಂಶ ಹಾಕಿಯೂ ಇದೇ ಕೆಲಸ ಮಾಡಿಸಬಹುದು, ಆದರೆ 50 ವ್ಯಾಟಿನ ಯಂತ್ರ ತಿಂಗಳಿಗೆ 36 ಯೂನಿಟ್ ಸುಡುತ್ತದೆ.

ಪೆಟ್ಟಿಗೆಯನ್ನು ಮುಚ್ಚಿದ ಬೀರುವಿನಲ್ಲಿ ಇಡಬೇಡಿ. ಡಿಸ್ಕಿನ ಬಿಸಿ 45 ಡಿಗ್ರಿ ದಾಟದಿರಲಿ. ಆಲೆಮನೆ ಹತ್ತಿರವಿರುವ ಮಂಡ್ಯದ ಕಡೆಯ ಮನೆಗಳಲ್ಲಿ ಮಸಿ, ದೂಳು ಫ್ಯಾನಿಗೆ ಬೇಗ ಮೆತ್ತಿಕೊಳ್ಳುತ್ತವೆ, ಮೂರು ತಿಂಗಳಿಗೊಮ್ಮೆ ಮೆತ್ತನೆಯ ಬ್ರಷ್ಷಿನಲ್ಲಿ ಒರೆಸಿ.

ಜೋಡಿಸಿದ ಕೂಡಲೇ ಫೈಲ್ ತುಂಬಿಸಬೇಡಿ. ಎರಡೂ ಡಿಸ್ಕಿಗೆ ದೀರ್ಘ ಸ್ಮಾರ್ಟ್ ಪರೀಕ್ಷೆ (ಡಿಸ್ಕ್ ತನ್ನನ್ನೇ ತಪಾಸಿಸಿಕೊಳ್ಳುವುದು) ಹಚ್ಚಿ, ರಾತ್ರಿಯೆಲ್ಲ ಓಡಲಿ. ಬೆಳಿಗ್ಗೆ ಅದರ ವರದಿಯಲ್ಲಿ ಕೆಟ್ಟ ಜಾಗಗಳನ್ನು ಎಣಿಸುವ 5 ಮತ್ತು 197ನೇ ಸಾಲುಗಳ ಮೂಲಸಂಖ್ಯೆ (ರಾ ವ್ಯಾಲ್ಯೂ) ಸೊನ್ನೆ ಇದ್ದರೆ ಸರಿ, ಇಲ್ಲದಿದ್ದರೆ ಬದಲಿಸಿಕೊಡಿ ಎಂದು ಅಂಗಡಿಗೆ ವಾಪಸ್ ಕೊಡಿ. ಸಾಗಣೆಯ ತಪ್ಪುಗಳನ್ನು ಎಣಿಸುವ 199ನೇ ಸಾಲು ಏರುತ್ತಿದ್ದರೆ ಡಿಸ್ಕ್ ಕೂತಿರುವ ಜಾಗ, ಕನೆಕ್ಟರ್ ನೋಡಿ. ಪೆಟ್ಟಿಗೆಯಲ್ಲಿ ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಇದ್ದರೆ ಅದನ್ನೇ ಆಯ್ದುಕೊಳ್ಳಿ, ದಿನಕ್ಕೊಂದು ಸ್ನ್ಯಾಪ್‌ಶಾಟ್ (ಆ ಹೊತ್ತಿನ ಫೈಲುಗಳ ಸ್ಥಿತಿಯ ದಾಖಲೆ) ಇಡಿ. ಪೋರ್ಟುಗಳನ್ನು ತಾನಾಗಿ ಹೊರಗೆ ತೆರೆಯುವ ಯುಪಿಎನ್‌ಪಿಯನ್ನು ರೂಟರಿನಲ್ಲಿ ಬಂದ್ ಮಾಡಿಬಿಡಿ. ಹೊರಗಿನಿಂದ ನೋಡಬೇಕೆಂದರೆ ಟೇಲ್‌ಸ್ಕೇಲ್ ಎಂಬ ಖಾಸಗಿ ಜಾಲದ (ವಿಪಿಎನ್) ತಂತ್ರಾಂಶ ಬಳಸಿ, ನ್ಯಾಸ್‌ನ ಪೋರ್ಟನ್ನು ನೇರ ಇಂಟರ್‌ನೆಟ್ಟಿಗೆ ತೆರೆಯಬೇಡಿ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಗಮನಿಸಿ. ನ್ಯಾಸ್‌ನ ಲಿನಕ್ಸ್ ಫೈಲ್‌ಸಿಸ್ಟಮ್‌ನಲ್ಲಿ ಹೆಸರಿನ ಮಿತಿ 255 ಬೈಟ್. ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು, ಅಂದರೆ 85 ಚಿಹ್ನೆ. ಕಾಗುಣಿತ, ಒತ್ತಕ್ಷರ ಎಲ್ಲ ಬೇರೆ ಬೇರೆಯೇ ಲೆಕ್ಕ: ‘ಸ್ತ್ರೀ’ ಒಂದಕ್ಕೇ ಆರು ಚಿಹ್ನೆ. ವಿಂಡೋಸ್‌ನಲ್ಲಿ ನೆಟ್ಟಗಿದ್ದ ಉದ್ದ ಹೆಸರಿನ ಫೈಲು ನಕಲಾಗದೆ ನಿಂತರೆ ಹೆಸರು ಮೊಟಕು ಮಾಡಿ ನೋಡಿ.

ಕೊನೆಗೆ ಬ್ಯಾಕಪ್. ರೈಡ್ ಇದ್ದಮೇಲೆ ಬ್ಯಾಕಪ್ ಯಾಕೆ ಎನ್ನುವವರಿದ್ದಾರೆ. ಕೈತಪ್ಪಿ ಅಳಿಸಿದ ಫೈಲು ಅದೇ ಕ್ಷಣದಲ್ಲಿ ಎರಡೂ ಡಿಸ್ಕಿನಿಂದ ಅಳಿಯುತ್ತದೆ, ಕಳ್ಳತನ, ಸಿಡಿಲು ಎರಡನ್ನೂ ಒಟ್ಟಿಗೇ ಒಯ್ಯುತ್ತವೆ. ಬೇರೆ ಯುಎಸ್‌ಬಿ ಡಿಸ್ಕ್ ಎರಡನ್ನು ಸರದಿಯಲ್ಲಿ ಬಳಸಿ: ತಿಂಗಳಿಗೊಮ್ಮೆ ಒಂದಕ್ಕೆ ನಕಲು ಮಾಡಿ ತೆಗೆದಿಡಿ, ಇನ್ನೊಂದು ಬೇರೆ ಊರಿನಲ್ಲಿರಲಿ. ನ್ಯಾಸ್ ಮೈಸೂರಿನಲ್ಲಿದ್ದರೆ 45 ಕಿಲೋಮೀಟರ್ ದೂರದ ಮಂಡ್ಯದಲ್ಲಿ ಅಣ್ಣನ ಮನೆಯ ಬೀರು ಸಾಕು, ಹಬ್ಬಕ್ಕೆ ಹೋದಾಗ ಡಿಸ್ಕ್ ಅದಲುಬದಲು ಮಾಡಿಕೊಂಡು ಬನ್ನಿ. ಡಿಸ್ಕಿನ ಮೇಲೆ ದಿನಾಂಕ ಬರೆದ ಚೀಟಿ ಅಂಟಿಸಿ, ಹತ್ತು ಫೋಟೊ ಆದರೂ ಅದರಿಂದ ವಾಪಸ್ ತೆಗೆದು ತೆರೆದು ನೋಡಿ.